ಒಪ್ಪಿಕೋ ಅಂದವನು ನಾನು

ನನ್ನ ಮಾತು ಕೇಳಿ ಸೈನ್ಯದ ಒಬ್ಬ ಜವಾನ ನೌಕರಿ ಕಳಕೊಂಡ. ಪಿಂಚಣಿಗೆ ಬೇಕಾದ 15 ವರ್ಷ ಮುಗಿಯಲು ಅವನಿಗೆ ಹೆಚ್ಚೇನೂ ಉಳಿದಿರಲಿಲ್ಲ. ಯಾರಾದರೂ ಅವನ ವಿಷಯ ಎತ್ತಿದರೆ ‘ಸಿಓ ಡಿಸ್ಮಿಸ್ ಮಾಡಿದರು’ ಅಂತ ಹೇಳಿ ಮಾತು ತಿರುಗಿಸುತ್ತಿದ್ದೆ. ಹಾಗೆ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಸಿಓ (ಕಮಾಂಡಿಂಗ್ ಆಫೀಸರ್) ಮುಂದೆ ಏನು ಹೇಳಬೇಕೆಂದು ಅವನಿಗೆ ಕಲಿಸಿಕೊಟ್ಟವನು ನಾನು ಎಂಬುದನ್ನು ಬಿಟ್ಟೇ ಹೇಳುತ್ತಿದ್ದೆ.

ನಾನು ಹಾಸನದ ಕಡೆಯವನು. ಸೈನ್ಯಕ್ಕೆ ಕ್ಲರ್ಕಾಗಿ ಸೇರಿ ಸುಬೇದಾರನಾಗಿ ಹೊರಬಂದೆ. ರಜೆ, ಬಡ್ತಿ, ಶಿಕ್ಷೆ, ಪಿಂಚಣಿ, ಯಾವುದರ ಕಾಗದವಾದರೂ ನನ್ನ ಮೇಜು ದಾಟಿಯೇ ಹೋಗಬೇಕಿತ್ತು. 1950ರ ಆರ್ಮಿ ಆ್ಯಕ್ಟ್, 1954ರ ಆರ್ಮಿ ರೂಲ್ಸ್ ಎರಡೂ ಬೆನ್ನ ಹಿಂದಿನ ಕಪಾಟಿನಲ್ಲಿದ್ದವು. ಯಾವ ಕಲಂ ಯಾವ ತಪ್ಪಿಗೆ ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದೆ. ನಂಬರು ಗೊತ್ತಿದ್ದವನಿಗೆ ಕಾನೂನು ಗೊತ್ತು ಎಂದು ಯೂನಿಟ್ಟಿನವರೂ ನಂಬಿದ್ದರು, ನಾನೂ ನಂಬಿದ್ದೆ.

ನೌಕರಿ ಕಳಕೊಂಡ ಆ ಹುಡುಗ ಗದಗದ ಕಡೆಯವನು. ರಜೆಗೆ ಹೋದವನ ತಾಯಿಗೆ ಲಕ್ವ ಹೊಡೆಯಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿಕೊಂಡು ಅಲ್ಲೇ ಉಳಿದ. ಮನೆಯಲ್ಲಿ ಬೇರೆ ಗಂಡಾಳಿರಲಿಲ್ಲ. ಯೂನಿಟ್ಟಿಗೆ ಒಮ್ಮೆ ಫೋನು ಮಾಡಿದ್ದನಂತೆ. ಯಾರು ಎತ್ತಿದರೆಂದು ಅವನಿಗೆ ತಿಳಿಯದು, ನಮ್ಮಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ರಜೆ ಮುಗಿದು 30 ದಿನ ಕಳೆದರೆ 106ನೇ ಕಲಮಿನ ಪ್ರಕಾರ ಕೋರ್ಟ್ ಆಫ್ ಎಂಕ್ವೈರಿ ಕೂರಿಸಿ, ಇಂಥವನು ಗೈರುಹಾಜರಾಗಿದ್ದಾನೆ ಎಂದು ದಾಖಲಿಸಬೇಕು. ಅದೂ ಆಯಿತು, ಅವನನ್ನು ಹಿಡಿದುಕೊಡಿ ಎಂದು ಅವನೂರಿನ ಪೊಲೀಸರಿಗೆ ಕಾಗದವೂ ಹೋಯಿತು. ಪೊಲೀಸರು ಹುಡುಕುವ ಮೊದಲೇ, ತಾಯಿ ಎದ್ದು ಕೂರುವಂತಾದ ಮೇಲೆ, ಅವನಾಗಿಯೇ ಬಂದು ಗೇಟಿನಲ್ಲಿ ನಿಂತ. ಕೈಯಲ್ಲಿ ಆಸ್ಪತ್ರೆಯ ಚೀಟಿಗಳ ಚೀಲವಿತ್ತು.

ತಾನಾಗಿ ಬಂದದ್ದರಿಂದ 38ನೇ ಕಲಮಿನ ಪಲಾಯನದ ಆರೋಪ ಹೊರಿಸಲಿಲ್ಲ. ಅದರಲ್ಲಿ ಸಾಮಾನ್ಯ ಕಾಲದಲ್ಲಿ 7 ವರ್ಷದವರೆಗೆ ಜೈಲು, ಆ್ಯಕ್ಟಿವ್ ಸರ್ವಿಸಿನಲ್ಲಿದ್ದರೆ ಮರಣದಂಡನೆಗೂ ಅವಕಾಶವಿದೆ. ಅವನ ಮೇಲೆ ಬಂದದ್ದು 39(ಬಿ): ಸಾಕಷ್ಟು ಕಾರಣವಿಲ್ಲದೆ ರಜೆ ಮೀರಿ ಉಳಿದದ್ದು. ಗರಿಷ್ಠ 3 ವರ್ಷ. ‘ಸಾಕಷ್ಟು ಕಾರಣವಿಲ್ಲದೆ’ ಎಂಬುದು ಕಾನೂನೇ ಬರೆದ ಮಾತು. ಬರೀ ತಡವಾಗಿ ಬಂದದ್ದು ಅಪರಾಧವಲ್ಲ, ಕಾರಣವಿಲ್ಲದೆ ತಡವಾಗಿ ಬಂದದ್ದು ಅಪರಾಧ. ಆರೋಪಪಟ್ಟಿ ಟೈಪ್ ಮಾಡಿದವನು ನಾನೇ. ಆ ಮಾತನ್ನು ಟೈಪ್ ಮಾಡಿ ಮುಂದಿನ ಸಾಲಿಗೆ ಹೋದೆ.

ಸಾಕ್ಷ್ಯ ಬರೆದುಕೊಳ್ಳುವಾಗಲೂ ನಾನಿದ್ದೆ. ವಿಚಾರಣೆಗೆ ಮೊದಲು ಸಾಕ್ಷಿಗಳ ಮಾತು, ಆಮೇಲೆ ಆರೋಪಿ ಇಷ್ಟಪಟ್ಟರೆ ಅವನ ಹೇಳಿಕೆ, ಎಲ್ಲವನ್ನೂ ಬರಹಕ್ಕಿಳಿಸಬೇಕು. ಇದಕ್ಕೆ ಸಮರಿ ಆಫ್ ಎವಿಡೆನ್ಸ್ ಎನ್ನುತ್ತಾರೆ. ಹುಡುಗನ ಹಿಂದಿ ಅಷ್ಟಕ್ಕಷ್ಟೆ. ‘ಸಾಬ್, ನೀವೇ ಕೇಳಿ ಹೇಳಿ’ ಎಂದು ಬರೆದುಕೊಳ್ಳುತ್ತಿದ್ದ ಅಧಿಕಾರಿ ನನಗೆ ಬಿಟ್ಟರು. ಅವನು ಕನ್ನಡದಲ್ಲಿ ತಾಯಿ ಬಿದ್ದ ದಿನದಿಂದ ಹಿಡಿದು ಸಾಲ ಮಾಡಿದ್ದು, ಆಸ್ಪತ್ರೆಯ ಹೊರಗೆ ಮಲಗಿದ್ದು, ಫೋನು ಮಾಡಿದ್ದು ಎಲ್ಲ ಹೇಳಿದ. ನಾನು ಇಂಗ್ಲಿಷಿನಲ್ಲಿ ಬರೆಸಿದ್ದು ಒಂದೇ ಸಾಲು: ತಾಯಿಗೆ ಹುಷಾರಿಲ್ಲದ ಕಾರಣ ತಡವಾಯಿತು. ಚೀಟಿಗಳನ್ನು ಲಗತ್ತಿಸೋಣವೇ ಎಂದು ಅವನು ಕೇಳಿದ್ದಕ್ಕೆ ‘ಬೇಕಾಗಲ್ಲ ಬಿಡು’ ಅಂದೆ.

ಸೈನ್ಯದಲ್ಲಿ ಜವಾನನ ತಪ್ಪನ್ನು ಸಿಓ ಎರಡು ಬಗೆಯಲ್ಲಿ ಮುಗಿಸಬಹುದು. ಮೊದಲನೆಯದು 80ನೇ ಕಲಂ. ಟೋಪಿ, ಬೆಲ್ಟು ತೆಗೆಸಿ ಮಾರ್ಚ್ ಮಾಡಿಸಿಕೊಂಡು ಹೋಗಿ ಮುಂದೆ ನಿಲ್ಲಿಸುತ್ತಾರೆ. ಹೆಚ್ಚೆಂದರೆ 28 ದಿನ ಸೈನ್ಯದ ಕಸ್ಟಡಿ, ಇಲ್ಲವೇ ಲೈನ್ ಬಿಟ್ಟು ಹೋಗದಂತೆ ನಿರ್ಬಂಧ, ಹೆಚ್ಚುವರಿ ಪಹರೆ. ನೌಕರಿಯಿಂದ ತೆಗೆಯುವ ಅಧಿಕಾರ ಅದರಲ್ಲಿಲ್ಲ. ಎರಡನೆಯದು ಸಮರಿ ಕೋರ್ಟ್ ಮಾರ್ಷಲ್. ಅಲ್ಲಿ ಸಿಓ ಒಬ್ಬರೇ ನ್ಯಾಯಾಲಯ. ಇನ್ನಿಬ್ಬರು ಅಧಿಕಾರಿಗಳೋ ಜೂನಿಯರ್ ಕಮಿಷನ್ಡ್ ಅಧಿಕಾರಿಗಳೋ ಉದ್ದಕ್ಕೂ ಕೂತಿರುತ್ತಾರೆ, ಆದರೆ ಅವರಿಗೆ ಪ್ರಮಾಣವಚನವೂ ಇಲ್ಲ, ಮತವೂ ಇಲ್ಲ. ಸಿಓ ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನವರಾದರೆ ಒಂದು ವರ್ಷದವರೆಗೆ ಜೈಲು ವಿಧಿಸಬಹುದು, ವಜಾ ಮಾಡಬಹುದು. ಉಳಿದ ಕೋರ್ಟ್ ಮಾರ್ಷಲ್‌ಗಳ ತೀರ್ಪು ಮೇಲಧಿಕಾರಿ ಒಪ್ಪಿ ದೃಢಪಡಿಸುವವರೆಗೆ ಜಾರಿಯಾಗುವುದಿಲ್ಲ. ಇದಕ್ಕೆ ಆ ತಡೆಯೂ ಇಲ್ಲ, ಕೂಡಲೇ ಜಾರಿ. ವಾಯುಪಡೆಯಲ್ಲಾಗಲಿ ನೌಕಾಪಡೆಯಲ್ಲಾಗಲಿ ಇಂಥದೊಂದು ಕೋರ್ಟು ಇಲ್ಲ.

ಎರಡೂ ನಡೆಯುವುದು ಒಬ್ಬರೇ ಸಿಓ ಮುಂದೆ. ಹಾಗಾಗಿ ಜವಾನರಿಗೆ ಎರಡೂ ಒಂದೇ, ಎರಡಕ್ಕೂ ‘ಪೇಶಿ’ ಅನ್ನುತ್ತಾರೆ. ಜವಾನರು ಹಾಗೆ ತಿಳಿದರೆ ತಪ್ಪಲ್ಲ. ನಾನು ತಿಳಿದದ್ದು ತಪ್ಪು. 28 ದಿನ ಕೊಟ್ಟು ಬಿಡುವ ಮನಸ್ಸಿದ್ದಿದ್ದರೆ ಸಿಓ ಕೋರ್ಟ್ ಮಾರ್ಷಲ್ ಕೂರಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಅದೂ ಅಲ್ಲದೆ, ರಜೆ ಮೀರಿದ್ದಕ್ಕೇ ಹುಡುಗನ ದಾಖಲೆಯಲ್ಲಿ ಹಿಂದಿನ ರೆಡ್ ಇಂಕ್ ಎಂಟ್ರಿಗಳು, ಅಂದರೆ ಕೆಂಪು ಶಾಯಿಯಲ್ಲಿ ದಾಖಲಾದ ಶಿಕ್ಷೆಗಳು, ಇದ್ದವು. ಆ ಹಾಳೆಯನ್ನು ತೆಗೆದು ಸಿಓ ಮುಂದೆ ಇಟ್ಟವನೂ ನಾನೇ.

ಸಮರಿ ಕೋರ್ಟ್ ಮಾರ್ಷಲ್‌ನಲ್ಲಿ ಆರೋಪಿ ತನ್ನ ಪಕ್ಕಕ್ಕೆ ಒಬ್ಬನನ್ನು ಇಟ್ಟುಕೊಳ್ಳಬಹುದು. 129ನೇ ನಿಯಮ ಅವನನ್ನು ಆರೋಪಿಯ ಫ್ರೆಂಡ್ ಎನ್ನುತ್ತದೆ. ಅವನು ಸಲಹೆ ಕೊಡಬಹುದು, ಸಾಕ್ಷಿಗೆ ಏನು ಕೇಳಬೇಕೆಂದು ಕಿವಿಯಲ್ಲಿ ಹೇಳಬಹುದು. ತಾನೇ ಎದ್ದು ಪ್ರಶ್ನೆ ಕೇಳುವಂತಿಲ್ಲ, ಕೋರ್ಟಿಗೆ ವಾದ ಹೇಳುವಂತಿಲ್ಲ. ಕನ್ನಡದವನೆಂದು ಹುಡುಗ ನನ್ನನ್ನೇ ಕೇಳಿಕೊಂಡ. ಹಿಂದಿನ ಸಂಜೆ ಬ್ಯಾರಕ್ಕಿನ ಪಕ್ಕ ಕೂತು ಕೇಳಿದ.

‘ನಾಳೆ ಏನ್ ಅನ್ಲಿರಿ ಸಾಹೇಬ್ರ?’

‘ಗಿಲ್ಟಿ ಅಂತ ಒಪ್ಪಿಕೊಂಡುಬಿಡು. ವಾದ ಮಾಡಿದರೆ ಸಿಓ ಸಾಹೇಬರಿಗೆ ಸಿಟ್ಟು ಬರುತ್ತೆ. ತಲೆ ತಗ್ಗಿಸಿ ನಿಂತರೆ ಇಪ್ಪತ್ತೆಂಟು ದಿನದಲ್ಲಿ ಮುಗಿದುಹೋಗುತ್ತೆ.’

‘ಆಸ್ಪತ್ರಿ ಚೀಟಿ ತೋರಿಸೂದು ಬ್ಯಾಡೇನ್ರಿ?’

‘ಒಪ್ಪಿಕೊಂಡ ಮೇಲೆ ಚೀಟಿ ಯಾಕೆ?’

ಇದು ಅವನ ಒಳ್ಳೆಯದಕ್ಕೇ ಅಂತ ಆಗ ಅಂದುಕೊಂಡಿದ್ದೆ. ಈಗ ನೋಡಿದರೆ ಅರ್ಧ ಮಾತ್ರ ಹಾಗಿತ್ತು. ಯೂನಿಟ್ಟಿಗೆ ಇನ್‌ಸ್ಪೆಕ್ಷನ್ ಹತ್ತಿರ ಬಂದಿತ್ತು, ಬಾಕಿ ಕೇಸು ಉಳಿಯಬಾರದೆಂಬ ಒತ್ತಡವಿತ್ತು. ನನ್ನ ಬಡ್ತಿಯ ಕಾಗದವೂ ಅದೇ ಸಿಓ ಕೈಯಲ್ಲಿತ್ತು. ಅವನು ‘ನಾಟ್ ಗಿಲ್ಟಿ’ ಅಂದರೆ ಸಾಕ್ಷಿಗಳು ಬರಬೇಕು, ದಿನ ಹಿಡಿಯಬೇಕು, ‘ಯಾರು ಹೇಳಿಕೊಟ್ಟದ್ದು ಇದನ್ನು’ ಎಂಬ ಪ್ರಶ್ನೆ ಏಳಬೇಕು. ಆ ಪ್ರಶ್ನೆ ಏಳದಿರಲಿ ಎಂದು ನನ್ನ ಮನಸ್ಸಿನ ಒಂದು ಮೂಲೆಯಲ್ಲಿತ್ತು.

ಮರುದಿನ ಅವನು ಗಿಲ್ಟಿ ಅಂದ. ಆರೋಪಿ ಹಾಗೆ ಅಂದ ಕೂಡಲೇ ಕೋರ್ಟು ಬರೆದುಕೊಂಡು ಮುಂದೆ ಹೋಗುವಂತಿಲ್ಲ. ಆರೋಪ ಏನೆಂದು ಅವನಿಗೆ ಅರ್ಥವಾಗಿದೆಯೇ, ಒಪ್ಪಿಕೊಂಡರೆ ಏನಾಗುತ್ತದೆಂದು ಗೊತ್ತೇ ಎಂದು ಕೇಳಿ ತಿಳಿಯಬೇಕು. ಸಾಕ್ಷ್ಯದ ಕಾಗದ ನೋಡಿದರೆ ಅವನು ಒಪ್ಪಿಕೊಳ್ಳಬಾರದಿತ್ತು ಎನಿಸಿದರೆ, ವಾಪಸು ತೆಗೆದುಕೋ ಎಂದು ಸಲಹೆ ಕೊಡಬೇಕು. 115(2)ನೇ ನಿಯಮ ಹಾಗೆ ಹೇಳುತ್ತದೆ. ಸಿಓ ಕೇಳಿದರು. ಅವನು ನನ್ನ ಮುಖ ನೋಡಿ ‘ಹಾಂಜಿ ಸಾಬ್’ ಅಂದ. ಅವರು ಸಾಕ್ಷ್ಯದ ಕಾಗದ ತಿರುವಿದರು. ಅದರಲ್ಲಿ ಕಂಡದ್ದು ನಾನು ಬರೆಸಿದ ಆ ಒಂದು ಸಾಲು. ಆಸ್ಪತ್ರೆಯ ಚೀಟಿ ಅಲ್ಲಿ ಇದ್ದಿದ್ದರೆ ಅವರು ನಿಲ್ಲಬೇಕಾಗುತ್ತಿತ್ತು. ನಿಲ್ಲಿಸುವಂಥದ್ದು ಏನೂ ಇರಲಿಲ್ಲ. ನಡತೆಯ ಹಾಳೆ ಓದಿದರು. ಶಿಕ್ಷೆ: ನೌಕರಿಯಿಂದ ವಜಾ.

ವಜಾ ಆದವನಿಗೆ ಪಿಂಚಣಿಯಿಲ್ಲ. ಮಾಜಿ ಸೈನಿಕನೆಂಬ ಸ್ಥಾನವೂ ಇಲ್ಲ, ಹಾಗಾಗಿ ಕ್ಯಾಂಟೀನಿಲ್ಲ, ಮಾಜಿ ಸೈನಿಕರ ಮೀಸಲಾತಿಯಿಲ್ಲ. 164ನೇ ಕಲಮಿನಡಿ ಸೇನಾ ಮುಖ್ಯಸ್ಥರವರೆಗೆ ಅರ್ಜಿ ಹಾಕಬಹುದು ಎಂದು ಅವನಿಗೊಂದು ಅರ್ಜಿ ಬರೆದುಕೊಟ್ಟೆ. ಅದರಲ್ಲೂ ಅದೇ ಚಾಳಿ: ಬಡವ, ತಾಯಿಗೆ ಒಬ್ಬನೇ ಮಗ, ದಯೆ ತೋರಿ. 115ರ ಸುದ್ದಿಯಿಲ್ಲ, ಸಾಕಷ್ಟು ಕಾರಣ ಇತ್ತೆಂಬ ವಾದವಿಲ್ಲ. ಅರ್ಜಿ ತಿರಸ್ಕೃತವಾಯಿತು. ಹೈಕೋರ್ಟಿಗೆ ಹೋಗಲು ಅವನ ಹತ್ತಿರ ದುಡ್ಡಿರಲಿಲ್ಲ, ಹೋಗು ಅನ್ನುವ ಮುಖ ನನಗಿರಲಿಲ್ಲ.

ನಿವೃತ್ತಿಯಾದ ಮೇಲೆ, ಯಾರ ಭಯವೂ ಇಲ್ಲದಾಗ, ಇವನ್ನೆಲ್ಲ ಸರಿಯಾಗಿ ಓದಿದೆ. ರಂಜಿತ್ ಠಾಕೂರ್ ಎಂಬ ಸಿಗ್ನಲ್‌ಮನ್ ಕಸ್ಟಡಿಯಲ್ಲಿದ್ದಾಗ ಊಟ ಮಾಡು ಎಂಬ ಆದೇಶ ಪಾಲಿಸಲಿಲ್ಲವೆಂದು 1985ರಲ್ಲಿ ಸಮರಿ ಕೋರ್ಟ್ ಮಾರ್ಷಲ್ ಅವನಿಗೆ ಒಂದು ವರ್ಷ ಕಠಿಣ ಸಜೆ ಕೊಟ್ಟು ವಜಾ ಮಾಡಿತ್ತು. ಯಾವ ಅಧಿಕಾರಿಯ ವಿರುದ್ಧ ಅವನು ದೂರು ಕೊಟ್ಟಿದ್ದನೋ ಅದೇ ಅಧಿಕಾರಿ ಆ ಕೋರ್ಟಿನಲ್ಲಿ ಕೂತಿದ್ದರು. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ತೀರ್ಪು ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ಪಕ್ಷಪಾತದ ಸಂಶಯವಿರುವಲ್ಲಿ ವಿಚಾರಣೆ ನಿಲ್ಲದು, ಶಿಕ್ಷೆ ತಪ್ಪಿಗೆ ತಕ್ಕಷ್ಟೇ ಇರಬೇಕು ಎಂಬುದು ಅದರ ತಿರುಳು. ಹುಡುಗನ ವಿಚಾರಣೆ ನಡೆದಾಗ ಈ ತೀರ್ಪು ಬಂದು ವರ್ಷಗಳೇ ಆಗಿದ್ದವು. ನಾನು ಓದಿರಲಿಲ್ಲ.

ಸಂವಿಧಾನದ 33ನೇ ವಿಧಿ ಶಿಸ್ತಿಗಾಗಿ ಸೈನಿಕನ ಮೂಲಭೂತ ಹಕ್ಕುಗಳನ್ನು ಮೊಟಕು ಮಾಡಲು ಸಂಸತ್ತಿಗೆ ಅವಕಾಶ ಕೊಟ್ಟಿದೆ. ಅದನ್ನೇ ನಾವು ‘ಸೈನ್ಯದಲ್ಲಿ ಹಕ್ಕೇ ಇಲ್ಲ’ ಎಂದು ಓದಿಕೊಂಡಿದ್ದೆವು. ಹಾಗಿಲ್ಲ. ಆರೋಪ ತಿಳಿಸಿದ ಮೇಲೆ ಸಿದ್ಧತೆಗೆ ಕನಿಷ್ಠ 96 ಗಂಟೆ ಕೊಡಬೇಕು, ಆ್ಯಕ್ಟಿವ್ ಸರ್ವಿಸಿನಲ್ಲಿ 24. ಜನರಲ್ ಕೋರ್ಟ್ ಮಾರ್ಷಲ್‌ನಲ್ಲಿ ಕನಿಷ್ಠ 5 ಅಧಿಕಾರಿಗಳು, ಡಿಸ್ಟ್ರಿಕ್ಟ್ ಕೋರ್ಟ್ ಮಾರ್ಷಲ್‌ನಲ್ಲಿ 3. ಅವರಲ್ಲಿ ಯಾರ ಬಗ್ಗೆಯಾದರೂ ಆಕ್ಷೇಪವಿದ್ದರೆ ಹೇಳಬಹುದು, ವಕೀಲರನ್ನೂ ಇಟ್ಟುಕೊಳ್ಳಬಹುದು. ಕೋರ್ಟ್ ಮಾರ್ಷಲ್ ಮೇಲೆ ಒಂದು ಅಪೀಲೂ ಇಲ್ಲದ ಕೊರತೆಯನ್ನು ಪೃಥಿಪಾಲ್ ಸಿಂಗ್ ಬೇಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ ಎತ್ತಿ ತೋರಿಸಿತ್ತು. 2007ರ ಕಾಯ್ದೆಯಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಬಂತು, 2009ರಲ್ಲಿ ಕೆಲಸ ಶುರುಮಾಡಿತು. ಕರ್ನಾಟಕದವರ ಪೀಠ ಕೊಚ್ಚಿಯಲ್ಲಿದೆ. ಸಮರಿ ಕೋರ್ಟ್ ಮಾರ್ಷಲ್ ಆದರೆ ಶಿಕ್ಷೆ ವಜಾ ಇಲ್ಲವೇ ಮೂರು ತಿಂಗಳಿಗಿಂತ ಹೆಚ್ಚಿನ ಜೈಲಾಗಿದ್ದರೆ ಮಾತ್ರ ಅಲ್ಲಿ ಕೇಳುತ್ತಾರೆ. ರೆಡ್ ಇಂಕ್ ಎಂಟ್ರಿ ನಾಲ್ಕಾದ ಮಾತ್ರಕ್ಕೆ ತಾನೇ ತಾನಾಗಿ ಮನೆಗೆ ಕಳಿಸುವಂತಿಲ್ಲ ಎಂದೂ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ.

ಹುಡುಗ ಈಗ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸ ಮಾಡುತ್ತಾನೆ. ಹೋಗಿ ಇದೆಲ್ಲ ಹೇಳಿದೆ. ‘ಅವತ್ತ ಚೀಟಿ ತೋರಿಸ್ತೀನಿ ಅಂದಿದ್ದೆ ನೋಡ್ರಿ’ ಅಂದ, ಬೇರೇನೂ ಅನ್ನಲಿಲ್ಲ. ಕ್ಷಮೆ ಕೇಳಿದೆ, ಅವನು ಕೊಟ್ಟನೆಂದು ನಾನು ಹೇಳಲಾರೆ.

ಸುತ್ತಲಿನ ಹಳ್ಳಿಗಳಿಂದ ರಜೆ ಮೀರಿದ ಹುಡುಗರ ಮನೆಯವರು ಈಗಲೂ ನನಗೆ ಫೋನು ಮಾಡುತ್ತಾರೆ. ಇವತ್ತೇ ಯೂನಿಟ್ಟಿಗೆ ತಿಳಿಸಿ, ಬರೀ ಫೋನಲ್ಲ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ರಜೆ ವಿಸ್ತರಣೆ ಕೇಳಿ, ರಸೀದಿ ಇಟ್ಟುಕೊಳ್ಳಿ ಅನ್ನುತ್ತೇನೆ. 30 ದಿನ ದಾಟಲು ಬಿಡಬೇಡಿ, ಪೊಲೀಸರು ಬರುವ ತನಕ ಕಾಯಬೇಡಿ, ತಾನಾಗಿ ಹೋಗಲಿ. ಕೇಸು ಆದರೆ ಸಾಕ್ಷ್ಯ ಬರೆದುಕೊಳ್ಳುವ ದಿನವೇ ಕಾಗದಗಳನ್ನು ಸೇರಿಸಲು ಹೇಳಿ. ಕಾರಣವನ್ನು ಪೂರ್ತಿ ಬರೆಸಿ, ಬರೆದದ್ದನ್ನು ಅವನ ಭಾಷೆಯಲ್ಲಿ ಓದಿ ಹೇಳಿಸಿಕೊಳ್ಳಲಿ. ಒಪ್ಪಿಕೊಳ್ಳಬೇಕೋ ಬೇಡವೋ ಎಂದು ಕೇಳಿದರೆ ನಾನು ಉತ್ತರ ಕೊಡುವುದಿಲ್ಲ. ಸೈನ್ಯದ ಕಾನೂನು ಬಲ್ಲ ವಕೀಲರ ನಂಬರು ಕೊಡುತ್ತೇನೆ. ಫೀಸು ಜಾಸ್ತಿ ಅನ್ನುವವರಿಗೆ, ನನ್ನ ಸಲಹೆ ಬಿಟ್ಟಿಯಾಗಿತ್ತು ಎಂದು ಹೇಳಿ ಈ ಹುಡುಗನ ಕತೆಯನ್ನು ಮೊದಲಿನಿಂದ ಹೇಳುತ್ತೇನೆ.