ಅಜ್ಜಿಯ ಮೂಗುತಿ

ಹಾನಗಲ್ಲಿನ ನಮ್ಮ ಅಜ್ಜಿಯ ಮೂಗಿನ ಪಕ್ಕದ ಗಾಯ ಎರಡು ವರ್ಷವಾದರೂ ಮಾಯಲಿಲ್ಲ. ಮೂಗುತಿ ತಾಗಿ ಆಗಿದ್ದೆಂದು ಅರಿಶಿನ ಹಚ್ಚುತ್ತಲೇ ಇದ್ದಳು. ಹುಬ್ಬಳ್ಳಿಯಲ್ಲಿ ತೋರಿಸಿದಾಗ ಚರ್ಮದ ಕ್ಯಾನ್ಸರ್ ಎಂದು ಗೊತ್ತಾಯಿತು. ಕೊಯ್ದು ತೆಗೆದರು. ವಾರದ ಮೇಲೆ ಬಂದ ವರದಿಯಲ್ಲಿ, ಅಂಚಿನಲ್ಲಿ ಇನ್ನೂ ಉಳಿದಿದೆ ಎಂದಿತ್ತು.

“ಮತ್ತ ಕೊಯ್ತಾರೇನೋ ತಮ್ಮಾ?” ಅಂದಳು. ನಾನು ಸುಮ್ಮನಿದ್ದೆ.

ಆ ಅಂಚು ಬರಿಗಣ್ಣಿಗೆ ಕಾಣುವಂಥದ್ದಲ್ಲ. ನಾನಾಗ ಧಾರವಾಡದಲ್ಲಿ ಭೌತಶಾಸ್ತ್ರ ಓದುತ್ತಿದ್ದೆ. 1928ರಲ್ಲಿ ಸಿ.ವಿ. ರಾಮನ್ ಕಂಡುಕೊಂಡದ್ದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ: ಅಣುಗಳಿಗೆ ತಾಗಿ ಚದುರುವ ಬೆಳಕಿನಲ್ಲಿ ಒಂದಿಷ್ಟು ತನ್ನ ಬಣ್ಣ ಬದಲಿಸುತ್ತದೆ, ಆ ಬದಲಾವಣೆಯೇ ಅಣುವಿನ ಗುರುತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಇದೇ ತತ್ವದ ಮೇಲೆ, ಕೊಯ್ದ ಚರ್ಮದ ಅಂಚಿನಲ್ಲಿ ಕ್ಯಾನ್ಸರ್ ಇದೆಯೇ ಎಂದು ಆಪರೇಷನ್ ಹೊತ್ತಿನಲ್ಲೇ ತಿಳಿಯಲೆಂದು ಯಂತ್ರ ಕಟ್ಟಿ ಪರೀಕ್ಷಿಸಿದ್ದನ್ನು ಆಮೇಲೆ ಓದಿದೆ. ಬಾಯಿಪಾಠಕ್ಕೆ ಅಂದು ಅರ್ಥ ಬಂತು.

ಎರಡನೆಯ ಸಲ ಕೊಯ್ದ ಮೇಲೆ ಮೂಗುತಿಗೆ ಜಾಗ ಉಳಿಯಲಿಲ್ಲ. ಅಜ್ಜಿ ಅದನ್ನು ಕುಂಕುಮದ ಭರಣಿಯಲ್ಲಿ ಇಟ್ಟಿದ್ದಾಳೆ. ರಾಮನ್ ಕತೆ ಹೇಳಿದಾಗ, “ಆ ಬೆಳಕು ನಮ್ಮ ಕಡೆ ಯಾವಾಗ ಬರತೈತಿ?” ಎಂದು ಕೇಳಿದಳು.

ಈಗ ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ನೆಂಟರ ಮುಖದಲ್ಲಿ ಮಾಯದ ಗಾಯ ಕಂಡರೆ ಅವಳು ಅರಿಶಿನ ಹೇಳುವುದಿಲ್ಲ. “ಮೊದಲ ತೋರಿಸ್ಕೊಂಡ ಬಾ” ಅನ್ನುತ್ತಾಳೆ.