ಅಪ್ಪ ಸರ್ಕೀಟು ಹೋಗಿದ್ದಾರೆ

‘ಸರ್ಕೀಟು’ ಎಂಬ ಮಾತು ಈಗ ಬಳಕೆ ತಪ್ಪಿದೆ. ಅಮಲ್ದಾರರಿದ್ದ ಕಾಲದಲ್ಲಿ ಅದಕ್ಕೊಂದು ಘನತೆಯಿತ್ತು. ರಾಯರು ಸರ್ಕೀಟಿನಲ್ಲಿದ್ದಾರೆಂದರೆ ಬಾಗಿಲಿಗೆ ಬಂದವನು ಮರುಮಾತಿಲ್ಲದೆ ಹಿಂದಿರುಗುತ್ತಿದ್ದ. ಎಲ್ಲಿಗೆ, ಏಕೆ, ಎಷ್ಟು ದಿನ ಎಂದು ಕೇಳುವಂತಿರಲಿಲ್ಲ.

ಎಮಿರ್ ಕುಸ್ತುರಿತ್ಸ ನಿರ್ದೇಶಿಸಿದ, 1985ರಲ್ಲಿ ಕಾನ್ ಚಿತ್ರೋತ್ಸವದ ಪರಮೋಚ್ಚ ಪ್ರಶಸ್ತಿ ಪಡೆದ ಯುಗೋಸ್ಲಾವಿಯದ ಚಿತ್ರವೊಂದುಂಟು. ಅದರ ಹೆಸರನ್ನು ಕನ್ನಡಿಸುವುದಾದರೆ ನಾನು ಈ ಮಾತನ್ನೇ ಆರಿಸಿಕೊಂಡೇನು: ‘ಅಪ್ಪ ಸರ್ಕೀಟು ಹೋಗಿದ್ದಾರೆ.’

1948ರಲ್ಲಿ ಟಿಟೊಗೂ ಸ್ಟಾಲಿನ್ನನಿಗೂ ಮುರಿದುಬಿತ್ತು. ಅಲ್ಲಿಯವರೆಗೆ ಸ್ಟಾಲಿನ್ನನನ್ನು ಹೊಗಳುವುದು ನಿಷ್ಠೆ. ಅಲ್ಲಿಂದ ಮುಂದೆ ಅದೇ ದ್ರೋಹ. ಸರಾಯೆವೊದ ಮೇಶ ಪತ್ರಿಕೆಯಲ್ಲಿ ಒಂದು ವ್ಯಂಗ್ಯಚಿತ್ರ ನೋಡಿ, ಇದು ಅತಿಯಾಯಿತೆಂದು ತನ್ನ ಪ್ರೇಯಸಿಯೆದುರು ಆಡಿಬಿಡುತ್ತಾನೆ. ಆ ಮಾತು ಅವಳ ಬಾಯಿಂದ ಮೇಶನ ಭಾವಮೈದುನನಿಗೆ ಮುಟ್ಟುತ್ತದೆ. ಆತ ಅಧಿಕಾರದಲ್ಲಿರುವವನು. ಮೇಶನನ್ನು ಕೂಲಿಯ ಶಿಕ್ಷೆಗೆ ಒಯ್ಯುತ್ತಾರೆ. ಹೊಲಿಗೆಯಿಂದ ಮನೆ ತೂಗಿಸುವ ತಾಯಿ ಸೇನಾ, ಪುಟ್ಟ ಮಲಿಕನಿಗೆ ಹೇಳುವುದಿಷ್ಟೆ: ಅಪ್ಪ ಸರ್ಕೀಟು ಹೋಗಿದ್ದಾರೆ.

ದೂರವಿರುವ ತಂದೆ ಮಕ್ಕಳ ಕಣ್ಣಿಗೆ ಬೆಳೆಯುತ್ತಲೇ ಹೋಗುತ್ತಾನೆ. ನನ್ನ ಬಾಲ್ಯದಲ್ಲಿ ನಮ್ಮ ತಂದೆಗೂ ಬೇರೆ ಊರಿಗೆ ವರ್ಗವಾಗಿತ್ತು. ಶನಿವಾರ ಬರುತ್ತಿದ್ದರು. ಕಾಯುವ ಐದು ದಿನ ಅವರು ನನ್ನ ಪಾಲಿಗೆ ಸಾಕ್ಷಾತ್ ಶ್ರೀರಾಮಚಂದ್ರ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಸಾರಿಗೆ ಉಪ್ಪು ಸಾಲದೆಂದು ಗೊಣಗಿ, ಉಂಡು, ಗೊರಕೆ ಹೊಡೆಯುವ ಗೃಹಸ್ಥರು! ಆ ಸಣ್ಣ ನಿರಾಸೆಗಳಿಂದ ನಾನು ನೋಯದೆ ಬೆಳೆದೆ.

ಮಲಿಕನಿಗೆ ಆ ಭಾಗ್ಯವಿಲ್ಲ. ತಂದೆ ಹಿಂದಿರುಗಿದ ಮೇಲೆ, 1952ರಲ್ಲಿ, ಮನೆಯಲ್ಲೊಂದು ಮದುವೆ. ಯುಗೋಸ್ಲಾವಿಯಕ್ಕೂ ಸೋವಿಯತ್ ರಷ್ಯಕ್ಕೂ ನಡೆದ ಒಲಿಂಪಿಕ್ ಕಾಲ್ಚೆಂಡಾಟ ರೇಡಿಯೋದಲ್ಲಿ ಮೊಳಗುತ್ತಿದೆ. ಅದೇ ಹೊತ್ತಿಗೆ ನೆಲಮಾಳಿಗೆಯಲ್ಲಿ ತಂದೆ ಆ ಹಳೆಯ ಪ್ರೇಯಸಿಯ ಮೇಲೆ ಬಲಾತ್ಕಾರದಿಂದ ಹಗೆ ತೀರಿಸಿಕೊಳ್ಳುತ್ತಿದ್ದಾನೆ. ಕಿಟಕಿಯಿಂದ ಹುಡುಗ ಅದನ್ನು ಕಾಣುತ್ತಾನೆ.

ಸರ್ಕಾರ ಒಯ್ದ ತಂದೆಯನ್ನು ಸರ್ಕಾರವೇ ಹಿಂದಿರುಗಿಸಿತು. ಮಲಿಕ ಕಾದಿದ್ದ ತಂದೆ ಮಾತ್ರ ಬರಲಿಲ್ಲ. ಅನ್ಯಾಯಕ್ಕೆ ಗುರಿಯಾದವನು ಅದರಿಂದಲೇ ಒಳ್ಳೆಯವನಾಗಿಬಿಡುವುದಿಲ್ಲ. ದೊಡ್ಡವರಾದ ನಮಗೇ ಒಪ್ಪಿಕೊಳ್ಳಲು ಕಷ್ಟವಾದ ಈ ಸತ್ಯ ಆ ಎಳೆಯನ ಪಾಲಿಗೆ ಬಂತು. ತಾಯಿ ಹೇಳಿದ್ದ ಸುಳ್ಳು ಅವನನ್ನು ಕೆಲಕಾಲ ಕಾಪಾಡಿತ್ತು. ಕಂಡದ್ದರಿಂದ ಕಾಪಾಡಲು ಯಾವ ಸುಳ್ಳೂ ಉಳಿದಿರಲಿಲ್ಲ.

ಮಲಿಕನಿಗೆ ನಿದ್ದೆಯಲ್ಲಿ ಎದ್ದು ನಡೆಯುವ ಅಭ್ಯಾಸ. ಕೊನೆಗೂ ಹಾಗೆಯೇ ನಡೆಯುತ್ತ, ಒಮ್ಮೆ ನಮ್ಮತ್ತ ತಿರುಗಿ ನಗುತ್ತಾನೆ. ಎಲ್ಲ ತಿಳಿದೂ ಮನೆಯವರ ಮಾನ ಕಾಯುವ ಹಿರಿಯನ ನಗೆ ಅದು.