ಸುಮ್ಮನಿದ್ದ ಫೋನ್ ದಣಿದದ್ದೇಕೆ?

ಮಕ್ಕಳೇ, ಯಾರೂ ಮುಟ್ಟದೆ ಗೂಡಿನಲ್ಲಿಟ್ಟ ಮೊಬೈಲ್ ಫೋನಿನ ಬ್ಯಾಟರಿ ಬೇಗನೆ ಖಾಲಿಯಾದುದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅದರ ಕಾರಣ ತಿಳಿಯದೆ ಒಂದು ರಾತ್ರಿ ಬಹಳ ಹೆದರಿಯೂ ಇದ್ದೇನೆ.

ಒಮ್ಮೆ ಮಳೆಗಾಲದಲ್ಲಿ ಹೊಸನಗರದ ಕಡೆಯ ನಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಗುಡ್ಡದ ಬುಡದಲ್ಲಿ ಮನೆ. ಸುತ್ತ ಅಡಿಕೆ ತೋಟ, ಅದರಾಚೆ ಕಾಡು. ಗಾಳಿಗೆ ಕಂಬ ಮುರಿದು ವಿದ್ಯುತ್ ಇರಲಿಲ್ಲ. ಮನೆಯವರ ಫೋನ್ ಆಗಲೇ ಖಾಲಿಯಾಗಿತ್ತು. ಪೇಟೆಯಲ್ಲಿ ಪೂರ್ತಿ ಚಾರ್ಜ್ ಮಾಡಿ ತಂದಿದ್ದ ನನ್ನ ಸ್ಮಾರ್ಟ್‌ಫೋನನ್ನು ಅವಸರಕ್ಕೆ ಬೇಕೆಂದು ಎತ್ತಿಟ್ಟೆ. ಮಾರನೆಯ ರಾತ್ರಿ ದೊಡ್ಡಮ್ಮನಿಗೆ ಉಬ್ಬಸ ಹೆಚ್ಚಾಯಿತು. ಗುಡ್ಡ ಹತ್ತಿದರೆ ಸಿಗ್ನಲ್ ಸಿಗುತ್ತಿತ್ತು, 108ಕ್ಕೆ ಕರೆ ಮಾಡಬಹುದಿತ್ತು. ಆದರೆ ತೆಗೆದು ನೋಡಿದರೆ ನನ್ನ ಫೋನೂ ಖಾಲಿ! ಕೊನೆಗೆ ಅವರ ಮಗ ಟಾರ್ಚ್ ಹಿಡಿದು, ಹಳ್ಳ ದಾಟಿ, ಜೀಪು ಇದ್ದವರ ಮನೆಗೆ ಓಡಿದ. ಬೆಳಗಾಗುವಾಗ ದೊಡ್ಡಮ್ಮ ಆಸ್ಪತ್ರೆಯಲ್ಲಿ ಚೇತರಿಸಿಕೊಂಡಿದ್ದರು.

ಸುಮ್ಮನಿದ್ದ ಫೋನ್ ದಣಿದದ್ದೇಕೆ? ಪಕ್ಕದಲ್ಲಿ ಕುಳಿತ ಗೆಳತಿಯೊಡನೆ ನೀವು ಪಿಸುಗುಟ್ಟಿದರೆ ಸಾಕು. ಮೈದಾನದ ಆಚೆ ತುದಿಯಲ್ಲಿರುವವಳನ್ನು ಕೂಗಿಯೇ ಕರೆಯಬೇಕು. ಫೋನೂ ಹಾಗೆಯೇ. ಅದು ರೇಡಿಯೋ ಅಲೆಗಳ ಮೂಲಕ ಟವರಿನೊಡನೆ ಮಾತನಾಡುತ್ತದೆ. ಟವರ್ ಹತ್ತಿರವಿದ್ದರೆ ವಾಟ್‌ನ ಸಾವಿರದಲ್ಲಿ ಒಂದು ಭಾಗದಷ್ಟು ಬಲದ ಅಲೆಯೂ ಸಾಕಾಗಬಹುದು. ಟವರ್ ದೂರವಿದ್ದರೆ ಅಥವಾ ನಡುವೆ ಗುಡ್ಡವಿದ್ದರೆ, ಟವರೇ ಫೋನಿಗೆ 'ಜೋರಾಗಿ ಹೇಳು' ಎಂದು ಸೂಚಿಸುತ್ತದೆ. ಸಾಮಾನ್ಯ 4ಜಿ ಫೋನ್ ಸುಮಾರು 0.2 ವಾಟ್‌ವರೆಗೆ ಕೂಗಬಲ್ಲದು. ಅಂದರೆ 200 ಪಟ್ಟು ಜೋರು!

ಟವರ್ ಸಿಗದಿದ್ದರೂ ಫೋನಿಗೆ ಬಿಡುವಿಲ್ಲ. ಬೇರೆ ಬೇರೆ ಕಂಪನಾಂಕಗಳಲ್ಲಿ ಅದು ಮತ್ತೆ ಮತ್ತೆ ಹುಡುಕುತ್ತದೆ. ಸಿಗ್ನಲ್ ಬಂದು ಹೋಗುತ್ತಿದ್ದರೆ, ಬಂದಾಗಲೆಲ್ಲ ತಾನು ಇಲ್ಲಿದ್ದೇನೆಂದು ತಿಳಿಸಬೇಕಾಗುತ್ತದೆ. ಇಂಟರ್ನೆಟ್ ತೆರೆದಿಟ್ಟಿದ್ದರೆ ಸಂದೇಶ ತರಲು ಆಗಾಗ ಎಚ್ಚರಗೊಳ್ಳುತ್ತದೆ. ಗೂಡಿನಲ್ಲಿದ್ದ ನನ್ನ ಫೋನ್ ಇದನ್ನೆಲ್ಲ ಮಾಡುತ್ತಲೇ ಇತ್ತು.

ಇದಕ್ಕೆ ಉಪಾಯ ಸುಲಭ. ಫೋನಿನಲ್ಲಿ ವಿಮಾನದ ಚಿತ್ರವಿರುವ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಟವರಿನೊಡನೆ ಮಾತು ನಿಲ್ಲುತ್ತದೆ. ನೆನಪಿಡಿ, ಆಗ ನಮಗೆ ಯಾರ ಕರೆಯೂ ಬರುವುದಿಲ್ಲ. ಆದ್ದರಿಂದ ಮನೆಯವರಿಗೆಲ್ಲ ಮೊದಲೇ ತಿಳಿಸಿರಬೇಕು.

ನೀವೇ ಪರೀಕ್ಷಿಸಿ ನೋಡಿ. ಹಿರಿಯರ ಒಪ್ಪಿಗೆ ಪಡೆದು, ಸಿಗ್ನಲ್ ಕಡಿಮೆ ಇರುವ ಕಡೆ ಫೋನನ್ನು ಎರಡು ರಾತ್ರಿ ಇಡಿ. ಎರಡೂ ರಾತ್ರಿ ಬ್ಯಾಟರಿ ಒಂದೇ ಮಟ್ಟದಲ್ಲಿರಲಿ, ಇಡುವ ಮತ್ತು ತೆಗೆಯುವ ಸಮಯವೂ ಒಂದೇ ಆಗಿರಲಿ. ಒಂದು ರಾತ್ರಿ ನೆಟ್‌ವರ್ಕ್ ಇರಲಿ, ಇನ್ನೊಂದು ರಾತ್ರಿ ವಿಮಾನದ ಗುಂಡಿ ಒತ್ತಿರಲಿ. ಬೆಳಿಗ್ಗೆ ಎಷ್ಟೆಷ್ಟು ಉಳಿದಿದೆ ಎಂದು ಬರೆದುಕೊಳ್ಳಿ.

ಈಗ ದೊಡ್ಡಮ್ಮನ ಮನೆಯಲ್ಲಿ ವಿದ್ಯುತ್ ಹೋದ ಕೂಡಲೇ ಆ ಗುಂಡಿ ಒತ್ತುತ್ತಾರೆ. ಬೇಕಾದಾಗ ಗುಡ್ಡ ಹತ್ತಿ ತೆಗೆಯುತ್ತಾರೆ. ಗೋಡೆಯ ಮೇಲೆ 108 ಎಂದು ದೊಡ್ಡದಾಗಿ ಬರೆದಿದ್ದಾರೆ.

ನಿಮ್ಮ ಮನೆಯ ಹತ್ತಿರ ಸಿಗ್ನಲ್ ಚೆನ್ನಾಗಿ ಸಿಗುವ ಜಾಗ ಯಾವುದು? ಇಂದೇ ಹುಡುಕಿ, ಎಲ್ಲರಿಗೂ ತೋರಿಸಿಡುತ್ತೀರಲ್ಲವೇ?